ಬೆಂಗಳೂರಿನ ವಾಮನ ರಥಗಳು

ತುಮಕೂರಿನ ಶೆಟ್ಟಿಹಳ್ಳಿ ಈಗ ಹೆಸರಿನಲ್ಲಿ ಮಾತ್ರ ಹಳ್ಳಿ. ಪಟ್ಟಣ ಬೆಳೆಯುತ್ತ ಬಂದು ಅದನ್ನು ತನ್ನ ಮಡಿಲಿಗೆ ಎಳೆದುಕೊಂಡು ಬಹುಕಾಲವಾಯಿತು. ನಾನು ವಾಸವಾಗಿರುವ ಬೀದಿಯ ಅಗಲ ಇಪ್ಪತ್ತು ಅಡಿ. ಎರಡು ಕಡೆಗೂ ಮೂವತ್ತು-ನಲವತ್ತರ ನಿವೇಶನಗಳು. ನಿವೇಶನದ ಅಂಚಿನವರೆಗೂ ಮನೆ. ಮನೆಯೊಳಗೆ ದೇವರಿಗೂ ಪುಸ್ತಕಕ್ಕೂ ಜಾಗವುಂಟು, ವಾಹನಕ್ಕಿಲ್ಲ. ಆದುದರಿಂದ ವಾಹನವು ಬೀದಿಯಲ್ಲಿ ನಿಲ್ಲುತ್ತದೆ. ಒಂದರೆದುರಿಗೆ ಒಂದು ದೊಡ್ಡ ಗಾಡಿ ನಿಂತಿತೆಂದರೆ ನಡುವೆ ಉಳಿಯುವ ದಾರಿ ಎಷ್ಟು? ಕನ್ನಡ ಮೇಷ್ಟರಿಗೆ ಗಣಿತ ಬಾರದೆಂಬ ಅಪವಾದವನ್ನು ತೊಡೆಯಲು ನಾನೇ ಒಂದು ದಿನ ಟೇಪು ಹಿಡಿದು ಅಳೆದೆ. ಚರಂಡಿಯ ಕಲ್ಲಿಗೆ ತಾಗದಂತೆ ಬಿಡುವ ಅಂತರವನ್ನು ಕಳೆದರೆ, ಸುಮಾರು ಆರು ಅಡಿ.

ಆ ಆರಡಿಯಲ್ಲಿ ಪ್ರತಿದಿನ ಬೆಳಗ್ಗೆ ಸಲೀಸಾಗಿ ಹಾದುಹೋಗುವವರು ನಮ್ಮ ಬೀದಿಯ ಕೊನೆಯ ಮನೆಯ ನಿವೃತ್ತ ಮೇಷ್ಟ್ರು. ಅವರದು ಇಪ್ಪತ್ತು ವರ್ಷ ದಾಟಿದ ಮಾರುತಿ 800. ಕನ್ನಡಿ ಮಡಚುವುದಿಲ್ಲ, ಹಾರ್ನು ಹೊಡೆಯುವುದಿಲ್ಲ. ಗಾಡಿಯಲ್ಲಿ ಕುಳಿತು ತರಕಾರಿ ಚೀಲವನ್ನು ಪಕ್ಕಕ್ಕಿಟ್ಟು ಹೊರಟರೆ ಆಯಿತು. “ಮೇಷ್ಟ್ರೇ, ಇನ್ನೂ ಈ ಬೆಂಕಿಪೊಟ್ಟಣವನ್ನು ಬಿಟ್ಟಿಲ್ಲವಲ್ಲ!” ಎಂದು ಒಮ್ಮೆ ತಮಾಷೆ ಮಾಡಿದೆ. “ನಾವಿಬ್ಬರೇ ಅಲ್ಲವೇ ಸಾರ್, ನಮಗೆ ಸಾಕು” ಎಂದರು. ಈ ‘ಸಾಕು’ ಎಂಬ ಮಾತಿನ ಹಿಂದೆ ಹೋದಾಗ ಒಂದು ಸ್ವಾರಸ್ಯದ ಚರಿತ್ರೆ ಸಿಕ್ಕಿತು. ಅದರ ಬಹುಪಾಲು ನಡೆದದ್ದು ನಮ್ಮ ನಾಡಿನಲ್ಲಿಯೇ, ಇಲ್ಲಿಂದ ಎಪ್ಪತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ.

ಪುಟ್ಟ ಕಾರು ಹುಟ್ಟಿದ್ದು ಬಡತನದ ಮನೆಯಲ್ಲಿ. ಬಡತನವೆಂದರೆ ದೇಶದ ಬಡತನವೂ ಆಗಬಹುದು, ಎಣ್ಣೆಯ ಬಡತನವೂ ಆಗಬಹುದು. ಮೊದಲನೆಯ ಮಹಾಯುದ್ಧದಿಂದ ಸೊರಗಿದ್ದ ಇಂಗ್ಲೆಂಡಿನಲ್ಲಿ 1922ರಲ್ಲಿ ‘ಆಸ್ಟಿನ್ ಸೆವೆನ್’ ಬಂದಿತು. ‘ಬೇಬಿ ಆಸ್ಟಿನ್’ ಎಂಬ ಮುದ್ದಿನ ಹೆಸರನ್ನು ಪಡೆದದ್ದು ಅದೇ. 1936ರಲ್ಲಿ ಇಟಲಿಯ ಫಿಯೆಟ್ ಕಂಪೆನಿ ಒಂದು ಪುಟಾಣಿ ಗಾಡಿಯನ್ನು ತಯಾರಿಸಿತು. ಜನ ಅದನ್ನು ‘ಟೋಪೋಲಿನೋ’, ಎಂದರೆ ಪುಟ್ಟ ಇಲಿ, ಎಂದು ಕರೆದರು. ಎರಡನೆಯ ಯುದ್ಧದ ಬಳಿಕ 1953ರಲ್ಲಿ ಇಟಲಿಯಲ್ಲಿಯೇ ಮೊಟ್ಟೆಯಾಕಾರದ ‘ಇಸೆಟ್ಟಾ’ ಹುಟ್ಟಿತು. ಅದಕ್ಕೆ ಒಂದೇ ಬಾಗಿಲು, ಅದೂ ಮೂತಿಯಲ್ಲಿ! ಬೀರುವಿನ ಬಾಗಿಲು ತೆಗೆದು ಒಳಗೆ ಹೋಗಿ ಕುಳಿತಂತೆ ಅದರಲ್ಲಿ ಕುಳಿತುಕೊಳ್ಳಬೇಕಾಗಿತ್ತು. ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪೆನಿಯೂ 1955ರಿಂದ ಅದನ್ನು ತಯಾರಿಸಿತು. ಇಂದು ಸಿರಿತನದ ಗುರುತಾಗಿರುವ ಆ ಹೆಸರು ಒಂದು ಕಾಲಕ್ಕೆ ಈ ಮೊಟ್ಟೆಗಾಡಿಯನ್ನು ಮಾರಿ ದಿನ ನೂಕಿತೆಂಬುದನ್ನು ನೆನೆದರೆ ಸೋಜಿಗವಾಗುತ್ತದೆ.

1956ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟು ತಲೆದೋರಿ ಯೂರೋಪಿಗೆ ಪೆಟ್ರೋಲಿನ ಬರ ಬಂದಿತು. ಆಗ ಅಲೆಕ್ ಇಸಿಗೋನಿಸ್ ಎಂಬ ಎಂಜಿನಿಯರನು ಒಂದು ಸರಳವಾದ ಉಪಾಯವನ್ನು ಹೂಡಿದ. ಎಂಜಿನನ್ನು ಉದ್ದುದ್ದವಾಗಿಡುವ ಬದಲು ಅಡ್ಡಡ್ಡವಾಗಿಟ್ಟ. ಮುಂದಿನ ಗಾಲಿಗಳಿಂದಲೇ ಗಾಡಿಯನ್ನು ಎಳೆಸಿದ. ಗಾಲಿಗಳನ್ನು ಚಿಕ್ಕದು ಮಾಡಿ ನಾಲ್ಕು ಮೂಲೆಗೆ ತಳ್ಳಿದ. 1959ರಲ್ಲಿ ಬಂದ ಆ ‘ಮಿನಿ’ ಕಾರಿನ ಉದ್ದ ಕೇವಲ ಹತ್ತು ಅಡಿ. ಅದರಲ್ಲಿ ಬಹುಭಾಗ ಕುಳಿತುಕೊಳ್ಳುವವರಿಗೇ ಮೀಸಲು. ಇಂದು ನಮ್ಮ ಬೀದಿಗಳಲ್ಲಿ ಓಡಾಡುವ ಬಹುತೇಕ ಸಣ್ಣ ಕಾರುಗಳ ಮೂಲವಿನ್ಯಾಸ ಅದೇ.

ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1949ರಲ್ಲಿಯೇ ‘ಕೇ’ ಎಂಬ ಒಂದು ಪುಟ್ಟ ವರ್ಗವನ್ನು ಕಾನೂನಿನಲ್ಲಿ ನಿರ್ಮಿಸಿ, ಅದರ ಉದ್ದ, ಅಗಲ, ಎಂಜಿನಿನ ಗಾತ್ರಗಳಿಗೆ ಮಿತಿ ಹಾಕಿದರು. ಮಿತಿಯೊಳಗಿದ್ದವರಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಟ್ಟರು. 1962ರಲ್ಲಿ ಇನ್ನೊಂದು ಕಾನೂನು ಬಂದಿತು: ಕಾರು ಕೊಳ್ಳುವವನು ಅದನ್ನು ನಿಲ್ಲಿಸಲು ತನ್ನಲ್ಲಿ ಸ್ಥಳವಿದೆಯೆಂದು ತೋರಿಸಬೇಕು. ಬೀದಿಯು ಎಲ್ಲರದೂ ಹೌದು, ಆದುದರಿಂದಲೇ ಯಾರೊಬ್ಬರ ಕೊಟ್ಟಿಗೆಯೂ ಅಲ್ಲ ಎಂಬುದು ಅದರ ತಾತ್ಪರ್ಯ. ಈ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟಿರಬೇಕು. ಮುಂದೆ ಅದು ನಮಗೆ ಬೇಕಾಗುತ್ತದೆ.

ಇನ್ನು ನಮ್ಮ ನಾಡಿಗೆ ಬರೋಣ. ಬೆಂಗಳೂರಿನಲ್ಲಿ ಕಾರು ತಯಾರಾಗಬೇಕೆಂದು ಮೊದಲು ಹಟ ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. 1935ರಲ್ಲಿ, ತಮ್ಮ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಅವರು ಯೂರೋಪು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ಕಂಡು ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಅವರೊಂದಿಗೆ ಕೈಜೋಡಿಸಿದರು. ಮೈಸೂರು ಸಂಸ್ಥಾನವೂ ನೆರವಿಗೆ ಸಿದ್ಧವಾಗಿತ್ತು. ಆದರೆ ಅಂದಿನ ಭಾರತ ಸರಕಾರದ ಸಮ್ಮತಿ ದೊರೆಯಲಿಲ್ಲ. ಕಡೆಗೆ ವಾಲ್‌ಚಂದರು 1944ರಲ್ಲಿ ಪ್ರೀಮಿಯರ್ ಕಂಪೆನಿಯನ್ನು ಮುಂಬಯಿಯಲ್ಲಿ ಸ್ಥಾಪಿಸಿದರು. ಬೆಂಗಳೂರಿಗೆ ಕಾರಿನ ಕಾರ್ಖಾನೆ ತಪ್ಪಿತು. 1940ರಲ್ಲಿ ಅವರೇ ತೊಡಗಿಸಿದ ವಿಮಾನದ ಕಾರ್ಖಾನೆ ಮಾತ್ರ ಉಳಿಯಿತು. ನೆಲದ ಮೇಲೆ ಓಡುವುದಕ್ಕೆ ಅಪ್ಪಣೆ ದೊರೆಯದ ಊರಿಗೆ ಆಕಾಶದಲ್ಲಿ ಹಾರುವ ಯೋಗ ಬಂದಂತಾಯಿತು!

ಸ್ವಾತಂತ್ರ್ಯ ಬಂದ ಮೇಲೆ ಲೈಸೆನ್ಸಿನ ಕಾಲ. ಅಂಬಾಸಿಡರ್, ಫಿಯೆಟ್, ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಮೂರೇ ಹೆಸರು. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಮಧ್ಯಮ ವರ್ಗಕ್ಕೆ ಅಗ್ಗದ ಕಾರೊಂದು ಸಾಧ್ಯವೆ ಎಂದು ವಿಚಾರಿಸಲು 1959ರಲ್ಲಿ ಎಲ್.ಕೆ. ಝಾ ಅವರ ಸಮಿತಿ ನೇಮಕವಾಯಿತು; ವರದಿಯೂ ಬಂದಿತು; ಕಾರು ಬರಲಿಲ್ಲ. ಇದರ ನಡುವೆ ನಮ್ಮ ಬೆಳಗಾವಿಯ ಗಡಿಗೆ ಸಮೀಪದ ಇಚಲಕರಂಜಿಯಲ್ಲಿ ಶಂಕರರಾವ್ ಕುಲಕರ್ಣಿ ಎಂಬವರು 1949ರಿಂದಲೇ ‘ಮೀರಾ’ ಎಂಬ ಪುಟ್ಟ ಕಾರನ್ನು ಕೈಯಾರೆ ನಿರ್ಮಿಸಿ, ಮತ್ತೆ ಮತ್ತೆ ತಿದ್ದುತ್ತಿದ್ದರು. ಎರಡು ದಶಕಗಳಿಗೂ ಮೀರಿ ನಡೆದ ಆ ತಪಸ್ಸಿಗೆ ಕಾರ್ಖಾನೆಯ ವರ ಸಿಗಲಿಲ್ಲ.

ಆ ವರ ಸ್ವಲ್ಪಮಟ್ಟಿಗೆ ದೊರೆತದ್ದು ಬೆಂಗಳೂರಿನ ಒಂದು ಕಂಪೆನಿಗೆ. ಮೊದಲು ಸನ್‌ರೈಸ್ ಎಂದೂ ಮುಂದೆ ಸಿಪಾನಿ ಎಂದೂ ಹೆಸರಾದ ಈ ಸಂಸ್ಥೆ 1970ರ ದಶಕದ ಮಧ್ಯಭಾಗದಲ್ಲಿ ‘ಬಾದಲ್’ ಎಂಬ ಮೂರು ಗಾಲಿಯ ಕಾರನ್ನು ಹೊರತಂದಿತು. ಹಿಂದಿನ ಭಾಗದಲ್ಲಿ 198 ಸಿ.ಸಿ.ಯ ಪುಟ್ಟ ಎಂಜಿನು, ಮೈಯೆಲ್ಲ ಫೈಬರ್‌ಗ್ಲಾಸು. ಬಾದಲ್ ಎಂದರೆ ಮೋಡ. ಮೋಡದಂತೆಯೇ ಅದು ಬಂದು ಸರಿದುಹೋಯಿತು. ಅದರ ಬೆನ್ನಿಗೆ, 1982ರಲ್ಲಿ, ‘ಡಾಲ್ಫಿನ್’ ಬಂದಿತು. ಇದರ ಮೂಲ ಇಂಗ್ಲೆಂಡಿನ ರಿಲಯಂಟ್ ಕಂಪೆನಿಯ ‘ಕಿಟನ್’ ಎಂಬ ಕಾರು. ಕಿಟನ್ ಎಂದರೆ ಬೆಕ್ಕಿನ ಮರಿ. ಇಟಲಿಯಲ್ಲಿ ಇಲಿಯಾಗಿದ್ದುದು ಇಂಗ್ಲೆಂಡಿನಲ್ಲಿ ಬೆಕ್ಕಾಗಿ, ಸಮುದ್ರವಿಲ್ಲದ ಬೆಂಗಳೂರಿಗೆ ಬಂದು ಮೀನಾದದ್ದು ಪುಟ್ಟ ಕಾರಿನ ಅವತಾರಲೀಲೆ!

ನನ್ನ ಬಾಲ್ಯದಲ್ಲಿ ತುಮಕೂರಿನ ವೈದ್ಯರೊಬ್ಬರಲ್ಲಿ ಒಂದು ಡಾಲ್ಫಿನ್ ಇತ್ತು. ಅವರು ರೋಗಿಯ ಮನೆಯೊಳಗೆ ಹೋದೊಡನೆ ಹುಡುಗರೆಲ್ಲ ಸೇರಿ ಗಾಡಿಯ ಮೈಯನ್ನು ಬೆರಳಿನಿಂದ ಬಡಿದು ನೋಡುತ್ತಿದ್ದೆವು. ತಗಡಿನ ‘ಠಣ್’ ಎಂಬ ಸದ್ದಿಲ್ಲ. ‘ಟೊಕ್ ಟೊಕ್’ ಎಂಬ ಕುಂಬಳಕಾಯಿಯ ಸದ್ದು. “ಪ್ಲಾಸ್ಟಿಕ್ ಕಾರು, ಪ್ಲಾಸ್ಟಿಕ್ ಕಾರು” ಎಂದು ಕೂಗುತ್ತ ಓಡುವುದೇ ಒಂದು ಆಟ. ಆ ಮೈ ತುಕ್ಕು ಹಿಡಿಯದೆಂಬುದಾಗಲಿ, ಆ 848 ಸಿ.ಸಿ. ಎಂಜಿನಿನ ಹಗುರ ಗಾಡಿಯೇ ಕಾರುಗಳ ರ‍್ಯಾಲಿಗಳಲ್ಲಿ ದೊಡ್ಡ ಗಾಡಿಗಳನ್ನು ಹಿಂದೆ ಹಾಕುತ್ತಿತ್ತೆಂಬುದಾಗಲಿ ನಮಗೇನು ಗೊತ್ತು? ಚಿಕ್ಕದನ್ನು ಕಂಡು ನಗುವುದನ್ನು ನಾವು ಬಹಳ ಬೇಗ ಕಲಿತುಬಿಡುತ್ತೇವೆ.

ಡಾಲ್ಫಿನ್ ಸೋತದ್ದು ನಗೆಯಿಂದಲ್ಲ, ಲೆಕ್ಕದಿಂದ. ಉಕ್ಕಿನ ತಗಡನ್ನು ಕಾರಿನ ಮೈಯಾಗಿ ಒತ್ತಬೇಕಾದರೆ ಭಾರಿ ಅಚ್ಚುಗಳೂ ಯಂತ್ರಗಳೂ ಬೇಕು. ಅವುಗಳಿಗೆ ಕೋಟಿಗಟ್ಟಲೆ ಬಂಡವಾಳ. ಆದರೆ ಒಮ್ಮೆ ಹೂಡಿದರೆ ಕ್ಷಣಕ್ಕೊಂದು ಬಾಗಿಲು, ಕ್ಷಣಕ್ಕೊಂದು ಮಾಡು ಅಚ್ಚಿನಿಂದ ಬೀಳುತ್ತ ಹೋಗುತ್ತದೆ. ಲಕ್ಷಗಟ್ಟಲೆ ತಯಾರಿಸಿದಷ್ಟೂ ಬೆಲೆ ಇಳಿಯುತ್ತದೆ. ಫೈಬರ್‌ಗ್ಲಾಸಿನ ರೀತಿ ಬೇರೆ. ಅದಕ್ಕೆ ಬಂಡವಾಳ ಕಡಿಮೆ. ಪದರದ ಮೇಲೆ ಪದರ ಹಾಸಿ, ಅಂಟು ಸವರಿ, ಒಣಗಲು ಬಿಟ್ಟು ತೆಗೆಯಬೇಕು. ಹತ್ತು ಗಾಡಿಗೂ ಅದೇ ದುಡಿಮೆ, ಸಾವಿರ ಗಾಡಿಗೂ ಅದೇ ದುಡಿಮೆ. ಸಣ್ಣ ಬಂಡವಾಳದವನಿಗೆ ಬಾಗಿಲು ತೆರೆಯುವ ಈ ವಿಧಾನವೇ ಅವನು ಬೆಳೆಯದಂತೆ ಬಾಗಿಲನ್ನು ಮುಚ್ಚುತ್ತದೆ. 1983ರ ಡಿಸೆಂಬರ್ 14ರಂದು ಸರಕಾರದ ಬೆಂಬಲವುಳ್ಳ ಮಾರುತಿ ಸಂಸ್ಥೆಯ ಮೊದಲ ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಒಬ್ಬ ಗ್ರಾಹಕರ ಕೈಗಿತ್ತರು. ಅದು ಜಪಾನಿನ ಸುಜುಕಿ ಕಂಪೆನಿಯ ‘ಕೇ’ ಕಾರಿನ ಮೈಗೆ 796 ಸಿ.ಸಿ. ಎಂಜಿನನ್ನು ಕೂರಿಸಿದ ಗಾಡಿ. ಬೆಲೆ ಐವತ್ತು ಸಾವಿರದ ಆಸುಪಾಸು. ಅದರೆದುರಿಗೆ ಬೆಂಗಳೂರಿನ ಮೀನು ಹೆಚ್ಚು ಕಾಲ ಈಜಲಿಲ್ಲ. ಸಿಪಾನಿಯವರು ‘ಮೊಂಟಾನಾ’ ಎಂಬ ನಾಲ್ಕು ಬಾಗಿಲಿನ ಗಾಡಿಯನ್ನೂ ತಂದು ನೋಡಿದರು. 1990ರ ದಶಕ ಮುಗಿಯುವುದರೊಳಗೆ ಆ ಅಧ್ಯಾಯ ಮುಗಿಯಿತು. ಮಾರುತಿ 800 ಮಾತ್ರ 2014ರವರೆಗೂ ಇಪ್ಪತ್ತೈದು ಲಕ್ಷಕ್ಕೂ ಮೀರಿ ತಯಾರಾಯಿತು. ನಮ್ಮ ಮೇಷ್ಟ್ರ ಬೆಂಕಿಪೊಟ್ಟಣ ಅವುಗಳಲ್ಲೊಂದು.

ವಾಮನನು ಅಷ್ಟಕ್ಕೇ ಸುಮ್ಮನಾಗಲಿಲ್ಲ. 1994ರಲ್ಲಿ ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಕ್ಯಾಲಿಫೋರ್ನಿಯದ ಒಂದು ಕಂಪೆನಿಯೂ ಸೇರಿ ವಿದ್ಯುತ್ ಕಾರಿನ ಸಂಸ್ಥೆಯೊಂದನ್ನು ಸ್ಥಾಪಿಸಿದವು. ಅದರ ಮುಂದಾಳು ಚೇತನ್ ಮೈನಿಯವರು ವಿದ್ಯಾರ್ಥಿಯಾಗಿದ್ದಾಗ ಅಮೆರಿಕದಲ್ಲಿ ಸೂರ್ಯಶಕ್ತಿಯ ಕಾರನ್ನು ನಿರ್ಮಿಸಿ ಪಂದ್ಯಕ್ಕಿಳಿಸಿದ ತಂಡದಲ್ಲಿದ್ದವರು. 2001ರಲ್ಲಿ ಬೊಮ್ಮಸಂದ್ರದಿಂದ ಹೊರಬಂದ ಕಾರಿಗೆ ತಮ್ಮ ತಾಯಿಯ ಹೆಸರನ್ನಿಟ್ಟರು: ರೇವಾ. ಸಂಸ್ಕೃತದಲ್ಲಿ ರೇವಾ ಎಂದರೆ ನರ್ಮದಾ ನದಿ. ‘ಹೊಗೆ ಕಾರುವುದರಿಂದಲೇ ಅದು ಕಾರು’ ಎಂದು ನಮ್ಮ ತರಗತಿಗಳಲ್ಲಿ ಒಂದು ಹಳೆಯ ಚಟಾಕಿ ಉಂಟು. ಹೊಗೆ ಕಾರದ ಈ ಕಾರನ್ನು ಕಂಡು ಆ ಚಟಾಕಿಗೂ ನಿವೃತ್ತಿಯಾಯಿತು.

ರೇವಾದ ಉದ್ದ 2.6 ಮೀಟರ್, ಅಗಲ 1.3 ಮೀಟರ್. ಒಂದು ಅಂಬಾಸಿಡರ್ ಆವರಿಸುವ ನೆಲದ ಸುಮಾರು ಅರ್ಧದಷ್ಟು ನೆಲ ಅದಕ್ಕೆ ಸಾಕು. ಒಳಗೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು. ಆಸನದ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಗೇರು ಬದಲಾಯಿಸುವ ತೊಂದರೆ ಇಲ್ಲ. ಬ್ರೇಕು ಹಾಕಿದಾಗ ಓಟದ ಶಕ್ತಿ ಸ್ವಲ್ಪ ಮರಳಿ ಬ್ಯಾಟರಿಗೆ ಸೇರುತ್ತದೆ. ರಾತ್ರಿ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಬೆಳಗ್ಗೆ ಸುಮಾರು ಎಂಬತ್ತು ಕಿಲೋಮೀಟರ್ ಓಡಲು ಸಿದ್ಧ. ಎಂದರೆ ಬೆಂಗಳೂರಿನಿಂದ ತುಮಕೂರಿಗೆ ಹೇಗೋ ಬಂದು ತಲುಪಬಹುದು. ಮರಳಿ ಹೋಗಬೇಕಾದರೆ ಅಂದು ನೆಂಟರ ಮನೆಯಲ್ಲಿ ತಂಗಲೇಬೇಕು! ಅದು ಊರು ಬಿಟ್ಟು ಊರಿಗೆ ಹೋಗುವ ಗಾಡಿಯಲ್ಲ. ಮನೆಯಿಂದ ಕಚೇರಿಗೆ, ಶಾಲೆಗೆ, ಮಾರುಕಟ್ಟೆಗೆ ಹೋಗಿ ಬರುವ ಗಾಡಿ. ನಮ್ಮಲ್ಲಿ ಬಹುಮಂದಿ ವರ್ಷದ ಮುನ್ನೂರು ದಿನ ಮಾಡುವುದು ಅಷ್ಟನ್ನೇ. ಆದರೆ ಕಾರು ಕೊಳ್ಳುವಾಗ ನಾವು ಯೋಚಿಸುವುದು ಉಳಿದ ಅರವತ್ತೈದು ದಿನಗಳನ್ನು. ಧರ್ಮಸ್ಥಳದ ಯಾತ್ರೆಯನ್ನು, ಮದುವೆಯ ದಿಬ್ಬಣವನ್ನು.

ಬೆಂಗಳೂರು ಹುಬ್ಬೇರಿಸಿ ನೋಡಿದ ರೇವಾವನ್ನು ಲಂಡನ್ನು ಕೈಹಿಡಿದು ಕರೆದುಕೊಂಡಿತು. ಆ ನಗರದ ನಡುಭಾಗಕ್ಕೆ ವಾಹನ ತರುವವರು ಸುಂಕ ತೆರಬೇಕೆಂಬ ನಿಯಮ 2003ರಲ್ಲಿ ಬಂದಿತ್ತು. ವಿದ್ಯುತ್ ಕಾರಿಗೆ ಆಗ ಸುಂಕವಿರಲಿಲ್ಲ. 2004ರಿಂದ ರೇವಾ ಅಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಮಾರಾಟವಾಯಿತು. ಬೊಮ್ಮಸಂದ್ರದ ಗಾಡಿ ಲಂಡನ್ನಿನ ಬೀದಿಗಳಲ್ಲಿ ಪರಿಚಿತವಾಯಿತು. ಅಲ್ಲಿಯೂ ನಗುವವರಿಗೆ ಕೊರತೆ ಇರಲಿಲ್ಲ. ಆದರೆ ಒಂದು ಟೀಕೆಯನ್ನು ನಗೆಯೆಂದು ತಳ್ಳಿಹಾಕುವಂತಿಲ್ಲ. ಅಲ್ಲಿನ ಕಾನೂನಿನಲ್ಲಿ ರೇವಾ ಕಾರಿನ ವರ್ಗಕ್ಕೆ ಸೇರದೆ ‘ಕ್ವಾಡ್ರಿಸೈಕಲ್’ ಎಂಬ ಹಗುರ ವರ್ಗಕ್ಕೆ ಸೇರಿತ್ತು. ಹಾಗಾಗಿ ಕಾರುಗಳಿಗೆ ಕಡ್ಡಾಯವಾದ ಅಪಘಾತ ಪರೀಕ್ಷೆಗಳು ಅದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಒಂದು ಪತ್ರಿಕೆಯವರು ಪರೀಕ್ಷೆ ಮಾಡಿಸಿದಾಗ ಫಲಿತಾಂಶ ಆತಂಕಕಾರಿಯಾಗಿತ್ತು. ಮುಂದಿನ ಮಾದರಿಯಲ್ಲಿ ಗಾಡಿಯನ್ನು ಬಲಪಡಿಸಿದರು. ಪುಟ್ಟ ಕಾರನ್ನು ಮೆಚ್ಚುವವರು ಈ ಸತ್ಯವನ್ನು ಮುಚ್ಚಿಡಬಾರದು. ಆದರೆ ಜೊತೆಗೇ ಇನ್ನೊಂದನ್ನೂ ಕೇಳಬೇಕು: ಚಿಕ್ಕ ಗಾಡಿಗೆ ಅಪಾಯ ಬರುವುದು ಯಾರಿಂದ? ಬಹಳ ಸಲ ಎದುರಿಗೆ ಬರುವ ದೊಡ್ಡ ಗಾಡಿಯಿಂದಲೇ ಅಲ್ಲವೆ? ಒಬ್ಬನು ಸುರಕ್ಷಿತವಾಗಲು ದೊಡ್ಡದನ್ನು ಕೊಂಡರೆ, ಎದುರಿನವನು ಇನ್ನೂ ದೊಡ್ಡದನ್ನು ಕೊಳ್ಳಬೇಕಾಗುತ್ತದೆ. ಈ ಪಂದ್ಯಕ್ಕೆ ಕೊನೆಯಿಲ್ಲ. ಬೀದಿಗೆ ಮಾತ್ರ ಅಗಲದ ಮಿತಿಯುಂಟು.

ಇಪ್ಪತ್ತಕ್ಕೂ ಹೆಚ್ಚು ದೇಶಗಳನ್ನು ಕಂಡರೂ ಒಟ್ಟು ಮಾರಾಟವಾದ ರೇವಾಗಳು ಕೆಲವೇ ಸಾವಿರ. 2010ರಲ್ಲಿ ಸಂಸ್ಥೆಯ ಹೆಚ್ಚಿನ ಪಾಲು ಮಹೀಂದ್ರರ ಕೈಸೇರಿತು. 2013ರಲ್ಲಿ ಅದರ ಮುಂದಿನ ಪೀಳಿಗೆಯ ‘ಇ2ಒ’ ಬಂದು ಕೆಲವು ವರ್ಷಗಳಲ್ಲಿ ನಿಂತುಹೋಯಿತು. ಇನ್ನೊಂದು ಪುಟ್ಟ ಕಾರೂ ನಮ್ಮ ನಾಡಿನ ಹೊಸ್ತಿಲವರೆಗೆ ಬಂದು ಹಿಂದಿರುಗಿತ್ತು. 2008ರಲ್ಲಿ ಟಾಟಾ ಸಂಸ್ಥೆ ಸಿಂಗೂರನ್ನು ಬಿಟ್ಟು ‘ನ್ಯಾನೋ’ಗೆ ನೆಲೆ ಹುಡುಕುತ್ತಿದ್ದಾಗ ಧಾರವಾಡದ ಹೆಸರೂ ಕೇಳಿಬಂದಿತ್ತು, ಕಾರ್ಖಾನೆ ಗುಜರಾತಿನ ಸಾನಂದಕ್ಕೆ ಹೋಯಿತು. ಲಕ್ಷ ರೂಪಾಯಿಯ ಕಾರೆಂದು ಜಗತ್ತೇ ಬೆರಗಾದ ಆ ಗಾಡಿಯ ಮೇಲೆ ‘ಅಗ್ಗದ ಕಾರು’ ಎಂಬ ಹಣೆಪಟ್ಟಿ ಅಂಟಿತು. ಅಗ್ಗದ್ದನ್ನು ಕೊಳ್ಳಲು ನಮಗೆ ಆಸೆ, ಅಗ್ಗದ್ದನ್ನು ಕೊಂಡೆವೆಂದು ಕಾಣಿಸಿಕೊಳ್ಳಲು ನಾಚಿಕೆ. 2018ರಲ್ಲಿ ನ್ಯಾನೋ ನಿಂತಿತು.

ಇತ್ತ ಸರಕಾರದ ಲೆಕ್ಕದಲ್ಲಿ ‘ಸಣ್ಣ ಕಾರು’ ಎಂಬುದರ ಅರ್ಥವೇ ಹಿಗ್ಗಿತು. 2006ರ ಬಜೆಟ್ಟಿನಲ್ಲಿ ನಾಲ್ಕು ಮೀಟರ್ ಒಳಗಿನ ಉದ್ದವೂ ಗೊತ್ತಾದ ಎಂಜಿನ್ ಗಾತ್ರವೂ ಇರುವುದನ್ನು ಸಣ್ಣ ಕಾರೆಂದು ಕರೆದು ಸುಂಕ ಇಳಿಸಿದರು. 2025ರ ಸೆಪ್ಟೆಂಬರಿನಲ್ಲಿ ಜಿ.ಎಸ್.ಟಿ.ಯನ್ನು ಶೇಕಡ 18ಕ್ಕೆ ಇಳಿಸಿದಾಗಲೂ ಅದೇ ಅಳತೆ. ಮಿನಿಯ ಹತ್ತಡಿಗೆ ಹೋಲಿಸಿದರೆ ಇದು ಹದಿಮೂರು ಅಡಿ. ಉದ್ದಕ್ಕೆ ಮಿತಿ ಹಾಕಿದವರು ಅಗಲಕ್ಕಾಗಲಿ ಎತ್ತರಕ್ಕಾಗಲಿ ಹಾಕಲಿಲ್ಲ. ನಾಲ್ಕು ಮೀಟರಿಗೆ ನಾಲ್ಕು ಬೆರಳು ಕಡಿಮೆಯಾದ, ಆನೆಯಂತೆ ಎತ್ತರವಾದ ಗಾಡಿಗಳೂ ಇಂದು ಶಾಸ್ತ್ರಪ್ರಕಾರ ಸಣ್ಣ ಕಾರುಗಳೇ! 2023ರಲ್ಲಿ ಮೂರು ಮೀಟರಿಗಿಂತ ಚಿಕ್ಕದಾದ ‘ಕಾಮೆಟ್’ ಎಂಬ ವಿದ್ಯುತ್ ಕಾರು ನಮ್ಮ ದೇಶದಲ್ಲಿ ಮಾರಾಟಕ್ಕೆ ಬಂದಾಗ ನನಗೆ ರೇವಾದ ನೆನಪಾಯಿತು. ಬೆಂಗಳೂರು ಇಪ್ಪತ್ತೆರಡು ವರ್ಷ ಮೊದಲೇ ಆಡಿದ್ದ ಮಾತು ಅದು.

ಇಷ್ಟನ್ನು ಬರೆಯಲು ನನ್ನನ್ನು ಹಚ್ಚಿದ ಕಾರಣವನ್ನು ಇನ್ನು ಹೇಳಿಬಿಡಬೇಕು. ಕಳೆದ ಮಳೆಗಾಲದ ಒಂದು ರಾತ್ರಿ, ಹನ್ನೊಂದರ ಸುಮಾರು, ಮೇಷ್ಟ್ರ ಪತ್ನಿಗೆ ಎದೆನೋವು ಕಾಣಿಸಿತು. ಆಂಬುಲೆನ್ಸ್ ಬೇಗನೆ ಬಂದಿತು. ಆದರೆ ಬೀದಿಯ ಬಾಯಲ್ಲಿ ನಿಂತುಬಿಟ್ಟಿತು. ಎದುರೆದುರಾಗಿ ನಿಂತಿದ್ದ ಎರಡು ದೊಡ್ಡ ಗಾಡಿಗಳ ನಡುವಿನ ಆರಡಿಯಲ್ಲಿ ಅದು ನುಗ್ಗುವಂತಿರಲಿಲ್ಲ. ಒಂದರ ಮಾಲೀಕರು ಮದುವೆಗೆಂದು ಶಿರಾಕ್ಕೆ ಹೋಗಿದ್ದರು. ಇನ್ನೊಂದು ನನ್ನದು.

ಹೌದು, ನನ್ನದೇ. ಕಾಲೇಜಿನಲ್ಲಿ ಎಲ್ಲರೂ ಕೊಂಡರೆಂದು, ಸಾಲ ಮಾಡಿ, ನಾನೂ ಕೊಂಡಿದ್ದೆ. ಸದ್ದು ಕೇಳಿ ಎದ್ದು, ಕೀಲಿ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕಿ, ಮಳೆಯಲ್ಲಿ ಓಡಿ ಬರುವ ಹೊತ್ತಿಗೆ ಮೇಷ್ಟ್ರು ಪತ್ನಿಯನ್ನು ತಮ್ಮ ಮಾರುತಿಯಲ್ಲಿ ಮಲಗಿಸಿಕೊಂಡು ಆ ಆರಡಿಯಲ್ಲಿಯೇ ಹಾದು ಬೀದಿಯ ಬಾಯಿಗೆ ತಲುಪಿಸಿಬಿಟ್ಟಿದ್ದರು. ಅಲ್ಲಿಂದ ಆಂಬುಲೆನ್ಸಿನವರು ಕರೆದೊಯ್ದರು. ಆ ತಾಯಿ ಬದುಕಿಕೊಂಡರು. ವಾರದ ಮೇಲೆ ನಾನು ನೋಡಲು ಹೋದಾಗ ಅವರೇ ಕಾಫಿ ಮಾಡಿಸಿ ಕೊಟ್ಟರು. ಮೇಷ್ಟ್ರು ಆ ರಾತ್ರಿಯ ವಿಷಯವನ್ನೇ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

ಪುರಾಣದ ವಾಮನ ಮೂರು ಹೆಜ್ಜೆ ನೆಲ ಕೇಳಿದ. ನಮ್ಮ ನಾಡಿನ ವಾಮನರಥಗಳೂ ಮೂರು ಸಲ ಬಂದು ಕೇಳಿದವು: ವಿಶ್ವೇಶ್ವರಯ್ಯನವರ ಕನಸಾಗಿ ಒಮ್ಮೆ, ಡಾಲ್ಫಿನ್ ಆಗಿ ಒಮ್ಮೆ, ರೇವಾ ಆಗಿ ಒಮ್ಮೆ. ಮೊದಲ ಸಲ ಪರಕೀಯ ಸರಕಾರ ಇಲ್ಲವೆಂದಿತು. ಎರಡನೆಯ ಸಲ ಬಂಡವಾಳ ಇಲ್ಲವೆಂದಿತು. ಮೂರನೆಯ ಸಲ, ಹೆಚ್ಚಿನ ಮಟ್ಟಿಗೆ, ನಾವೇ ಇಲ್ಲವೆಂದೆವು. ಬಲಿ ಚಕ್ರವರ್ತಿ ಮೂರನೆಯ ಹೆಜ್ಜೆಗೆ ತಲೆಯನ್ನಾದರೂ ಬಾಗಿಸಿದ. ನಮಗೆ ಅಷ್ಟೂ ಆಗಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಹಣಕ್ಕೆ ಮಾತ್ರ ಅನ್ವಯಿಸುತ್ತ ಬಂದಿದ್ದೇವೆ. ಬೀದಿಯೂ ಒಂದು ಹಾಸಿಗೆ, ಅದರಲ್ಲಿ ಮಲಗುವವರು ನೂರಾರು ಜನ.

ನನ್ನ ಗಾಡಿಯ ಸಾಲದ ಕಂತು ಇನ್ನೂ ಎರಡು ವರ್ಷ ಬಾಕಿ ಇದೆ. ಅಲ್ಲಿಯವರೆಗೆ ಅದನ್ನು ಮಾರುವಂತಿಲ್ಲ. ಮುಖ್ಯರಸ್ತೆಯ ಹತ್ತಿರ ಪರಿಚಿತರೊಬ್ಬರ ಖಾಲಿ ನಿವೇಶನದಲ್ಲಿ ತಿಂಗಳ ಬಾಡಿಗೆಗೆ ಅದನ್ನು ನಿಲ್ಲಿಸಿ, ಅಲ್ಲಿಂದ ಮನೆಗೆ ನಡೆದುಬರುತ್ತೇನೆ. ಏಳೆಂಟು ನಿಮಿಷದ ದಾರಿ. ಬರುವಾಗ ಕೆಲವು ಸಲ ಮೇಷ್ಟ್ರ ಮಾರುತಿ ಪಕ್ಕದಲ್ಲಿ ನಿಲ್ಲುತ್ತದೆ. “ಹತ್ತಿ ಸಾರ್, ಜಾಗ ಇದೆ” ಎನ್ನುತ್ತಾರೆ.